ಅಜ್ಜಿಯ ಎಡಗೈ, ವಿಹಾರದ ದೀಪ

ಎಮ್ಮಿಗನೂರು,
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ಅಪ್ಪಾ,

ಜೈಭೀಮ್. ನಿನ್ನ ಮೊಣಕಾಲು ಈಗ ಹೇಗಿದೆ? ನಾಗಪುರದಲ್ಲಿ ಮಳೆ ಬಿಟ್ಟಿಲ್ಲ ಅಂತ ಟಿವಿಯಲ್ಲಿ ಬಂದಾಗಲೆಲ್ಲ ಅವ್ವನದು ಒಂದೇ ಮಾತು: ‘ಅಲ್ಲಿ ನೆಲದ ಮ್ಯಾಲ ಮಲಗ್ತಾನೋ ಏನೋ.’ ಮಲಗುವುದಾದರೆ ಚಾಪೆಯ ಕೆಳಗೆ ಒಂದು ಕಂಬಳಿ ಹಾಕಿಕೋ, ಕೇಳಿದರೆ ಅಲ್ಲಿ ಕೊಡುತ್ತಾರೆ, ಕೇಳುವುದಕ್ಕೆ ನಾಚಿಕೊಳ್ಳಬೇಡ. ಕೆಮ್ಮಿನ ಔಷಧ ಮುಗಿದಿದ್ದರೆ ಅದೇ ಬಾಟಲಿ ತೋರಿಸಿ ಅಲ್ಲೇ ತಗೋ. ದಿನಾ ಚಪಾತಿ ತಿಂದು ಬಾಯಿ ಸಪ್ಪಗಾಗಿದೆ ಅಂತ ಬರೆದಿದ್ದೆಯಲ್ಲ, ಅವ್ವ ಸಜ್ಜೆ ರೊಟ್ಟಿ ಒಣಗಿಸಿ ಇಟ್ಟಿದ್ದಾಳೆ, ಜೊತೆಗೆ ಶೇಂಗಾ ಪುಡಿ, ಗುರೆಳ್ಳು ಪುಡಿ. ನಾಳೆ ಹೊಸಪೇಟೆಯಿಂದ ಪಾರ್ಸಲ್ ಮಾಡುತ್ತೇನೆ. ಅಲ್ಲಿನ ವಿಹಾರದ ಅಡುಗೆಮನೆ ಸೇವೆಯಲ್ಲಿರುವವನಿಗೇ ಊರಿಂದ ರೊಟ್ಟಿ ಬಂತು ಅಂತ ಭಂತೇಜಿ ನಕ್ಕರೆ ನಗಲಿ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಕಾಲುವೆ ತುಂಬ ನೀರು, ನಾಟಿ ಮುಗಿದು ಊರ ಸುತ್ತ ಹಸಿರು ಬಿಟ್ಟರೆ ಬೇರೆ ಬಣ್ಣವೇ ಇಲ್ಲ. ಕಂಪ್ಲಿಯ ನಿನ್ನ ಅಂಗಡಿಯನ್ನು ಹುಲುಗೇಶಣ್ಣ ನೋಡಿಕೊಳ್ಳುತ್ತಿದ್ದಾನೆ. ಪಂಪ್‌ಸೆಟ್ ಮೋಟರುಗಳು ಬಾಗಿಲವರೆಗೆ ಸಾಲಾಗಿ ಕೂತಿವೆ, ವೈಂಡಿಂಗ್ ಮಾಡಿ ಮಾಡಿ ಅವನ ಬೆರಳೆಲ್ಲ ವಾರ್ನಿಷ್. ನನ್ನ ಕೆಲಸ ನಿನಗೆ ಗೊತ್ತಿದ್ದದ್ದೇ. ವಾರವೆಲ್ಲ ಹೊಸಪೇಟೆಯ ರೂಮು, ಒಂದು ದಿನ ಹಂಪಿ ಕಡೆಯ ಹೋಟೆಲಿನ ತೋಟದ ದೀಪ, ಇನ್ನೊಂದು ದಿನ ಸಂಡೂರಿನ ಗಣಿ ಆಫೀಸಿನ ವೈರಿಂಗು, ಮೆಗ್ಗರ್ ಹಚ್ಚಿ ಕರೆಂಟು ಎಲ್ಲಾದರೂ ಸೋರುತ್ತಿದೆಯಾ ನೋಡುವುದು, ಸರಿಯಿದ್ದರೆ ಸರಿ ಅನ್ನುವುದು, ಇಲ್ಲದಿದ್ದರೆ ಬೈಸಿಕೊಳ್ಳುವುದು. ಶನಿವಾರ ಸಂಜೆ, ಭಾನುವಾರ ಊರು. ಭಿಕ್ಕುಗಳು ಒಂದೇ ಕಡೆ ಉಳಿಯುವ ಮಳೆಗಾಲದ ಈ ವರ್ಷಾವಾಸದ ಮೂರು ತಿಂಗಳು ಫೋನ್ ಮುಟ್ಟುವುದಿಲ್ಲ ಅಂತ ನೀನು ಹಠ ಹಿಡಿದಾಗ ನನಗೆ ಸಿಟ್ಟು ಬಂದಿತ್ತು. ಈಗ ಅನ್ನಿಸುತ್ತದೆ, ಒಳ್ಳೆಯದೇ ಆಯಿತು. ಫೋನಾಗಿದ್ದರೆ ನೀನು ‘ಎಲ್ಲಾ ಆರಾಮಲ್ಲ? ಇಡ್ತೀನಿ’ ಅನ್ನುತ್ತಿದ್ದೆ. ಈ ಪತ್ರವನ್ನು ನೀನು ಪೂರ್ತಿ ಓದಲೇಬೇಕು, ಯಾಕೆಂದರೆ ಇದು ನಿನ್ನ ಅವ್ವನ ವಿಷಯ, ನಮ್ಮ ವಿಹಾರದ ವಿಷಯ, ಮತ್ತೆ ಒಂದು ಟ್ರಾನ್ಸ್‌ಫಾರ್ಮರಿನ ವಿಷಯ. ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ. ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ.

ನೀನು ಹೊರಟ ಮೇಲೆ ಹೊನ್ನೂರುಸ್ವಾಮಿ ಕಾಕಾ ಕಮಿಟಿಯವರನ್ನು ಕೂಡಿಸಿ ವಿಹಾರದ ಅಂಗಳದ ಕೆಲಸ ಮುಗಿಸಿದರು. ಕಾಕಾ ಅಧ್ಯಕ್ಷರಾದ ಮೇಲೆ ಕೈಗೊಂಡ ಮೊದಲ ಕೆಲಸ, ಹಾಗಾಗಿ ದಿನಾ ಮೇಸ್ತ್ರಿಯ ತಲೆಯ ಮೇಲೇ ನಿಂತಿದ್ದರು. ಕರಿಕಲ್ಲಿನ ಬುದ್ಧಮೂರ್ತಿಯ ಮುಂದೆ ಮೊಣಕಾಲೆತ್ತರದ ನೀರಿನ ತೊಟ್ಟಿ, ಅದರಲ್ಲಿ ತಾವರೆ. ಪಾದದ ಎರಡೂ ಬದಿಗೆ ಹಿತ್ತಾಳೆ ಬಟ್ಟಲಿನಂಥ ದೀಪ, ತೊಟ್ಟಿಯ ಗೋಡೆಯಲ್ಲೂ ದೀಪ. ನೀರಿನ ಹತ್ತಿರ ಮನೆ ಕರೆಂಟು ಬೇಡ, ಟ್ರಾನ್ಸ್‌ಫಾರ್ಮರ್ ಹಾಕಿ ಹನ್ನೆರಡು ವೋಲ್ಟಿಗೆ ಇಳಿಸಿ ದೀಪಕ್ಕೆ ಕೊಡಿ ಅಂತ ನೀನು ಹೇಳಿ ಹೋಗಿದ್ದೆಯಲ್ಲ, ಹುಲುಗೇಶಣ್ಣ ಹಾಗೇ ಮಾಡಿದ. ಪಾದದ ದೀಪಗಳಿಗೆ ಒಂದು ಟ್ರಾನ್ಸ್‌ಫಾರ್ಮರ್, ತೊಟ್ಟಿಯ ದೀಪಗಳಿಗೆ ಒಂದು. ಎರಡನ್ನೂ ಮೇಸ್ತ್ರಿ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಇರಿಸಿ ಕಲ್ಲು ಮುಚ್ಚಿದ. ಸಂಜೆ ತಾನಾಗಿ ಹತ್ತುವ ಟೈಮರ್. ಮೊದಲ ದಿನ ದೀಪ ಹತ್ತಿದಾಗ ಮೂರ್ತಿಯ ಮುಖದ ಮೇಲೆ ನೀರಿನ ನೆರಳು ಆಡುತ್ತಿತ್ತು. ನೀನು ಇರಬೇಕಿತ್ತು ಅನ್ನಿಸಿತು.

ಅಜ್ಜಿ ಅಲ್ಲಿಗೆ ಬರುತ್ತಿರಲಿಲ್ಲ, ಅದು ನಿನಗೇ ಗೊತ್ತು. ಬುದ್ಧನ ದಾರಿಯಲ್ಲಿ ದೇವಿ ಪೂಜೆ ಇಲ್ಲ ಅಂತ ಹೋದ ವರ್ಷ ನೀನು ಗೋಡೆಯ ಮೇಲಿನ ಹುಲಿಗೆಮ್ಮನ ಪಟ ಇಳಿಸಿದ್ದು, ಅಜ್ಜಿ ಅದನ್ನು ತನ್ನ ಟ್ರಂಕಿನಲ್ಲಿ ಸೀರೆ ಸುತ್ತಿ ಇಟ್ಟುಕೊಂಡದ್ದು, ಆಮೇಲೆ ನಿನ್ನ ಜೊತೆ ನೇರ ಮಾತು ಬಿಟ್ಟು ‘ನಿಮ್ಮಪ್ಪಗ ಹೇಳು’ ಅಂತ ನನ್ನ ಮುಖಾಂತರ ಮಾತಾಡಿದ್ದು, ನೀನು ರೈಲಿಗೆ ಹೊರಟ ದಿನ ಗೋಡೆ ಕಡೆ ತಿರುಗಿ ಮಲಗಿದ್ದು, ಇದನ್ನೆಲ್ಲ ನಾನು ಬರೆಯಬೇಕಿಲ್ಲ. ‘ಅವನ ಗುಡಿಗೆ ನಾ ಕಾಲು ಇಡೋದಿಲ್ಲ’ ಅಂದವಳು ಅವಳು. ಗುಡಿಯಲ್ಲ ಅಜ್ಜಿ, ವಿಹಾರ ಅಂದರೆ ‘ಎರಡೂ ಒಂದ’ ಅನ್ನುತ್ತಿದ್ದಳು.

ಶ್ರಾವಣದ ಒಂದು ಸಂಜೆ ಅವ್ವ ಮತ್ತೆ ಓಣಿಯ ಹೆಂಗಸರು ಅಂಗಳ ತೊಳೆಯುತ್ತಿದ್ದರಂತೆ. ಮನೆಯ ಚಾವಿ ಅವ್ವನ ಸೆರಗಿನಲ್ಲಿ. ಅಜ್ಜಿ ಹೊಲದ ಕಡೆಯಿಂದ ಬಂದವಳು ಬೀಗ ನೋಡಿ, ಬೈದುಕೊಳ್ಳುತ್ತ ಕೋಲು ಊರಿಕೊಂಡು ವಿಹಾರಕ್ಕೇ ಬಂದಿದ್ದಾಳೆ. ಕಾಲು ಇಡುವುದಿಲ್ಲ ಅಂದದ್ದು ಚಾವಿಯ ಸಿಟ್ಟಿನಲ್ಲಿ ಮರೆತುಹೋಗಿರಬೇಕು. ಸುಸ್ತಾಗಿ ಮೂರ್ತಿಯ ಮುಂದಿನ ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲಿ ಕೂತಳಂತೆ. ಏಳುವಾಗ ಬಲಗೈ ಕೋಲಿನ ಮೇಲೆ, ಎಡಗೈ ಜೋತು ಬಿದ್ದು ಹಿತ್ತಾಳೆ ಬಟ್ಟಲಿಗೆ ತಾಗಿತು. ಲಕ್ವಾ ಹೊಡೆದ ಮೇಲೆ ಆ ಅಂಗೈಯಲ್ಲಿ ಬಿಸಿ, ತಣ್ಣಗೆ, ಮುಳ್ಳು, ಯಾವುದೂ ಅವಳಿಗೆ ತಿಳಿಯುತ್ತಿರಲಿಲ್ಲವಲ್ಲ. ಒಮ್ಮೆ ಒಲೆಯ ಕೊಳ್ಳಿ ತಾಗಿ ಬೊಬ್ಬೆ ಎದ್ದದ್ದನ್ನು ಅವ್ವ ನೋಡಿ ಹೇಳಬೇಕಾಯಿತು. ಅಂಥ ಕೈಯೊಳಗೆ ಆ ಸಂಜೆ ‘ಜುಮ್’ ಅಂದಿತು.

ಆ ಶನಿವಾರ ನಾನು ಬಸ್ಸಿಳಿದು ಮನೆಗೆ ಬಂದಾಗ ಅಜ್ಜಿ ಕಟ್ಟೆಯ ಮೇಲೆ ನನಗಾಗಿಯೇ ಕಾಯುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಎಡಗೈಯನ್ನು ಬಲಗೈಯಿಂದ ಎತ್ತಿ ನನ್ನ ಅಂಗೈಯಲ್ಲಿ ಇಟ್ಟಳು. ‘ಪಂಪಾ, ಇದಕ್ಕ ಜೀವ ಬರಾಕ ಹತ್ತೈತಿ. ಇರಿವಿ ಹರದಂಗ ಆಕ್ಕೈತಿ. ದಿನಾ ಸಂಜೀಕ ವಿಹಾರದ ಬಟ್ಟಲ ಮುಟ್ಟಾಕ ಹೊಕ್ಕೀನಿ, ದಿನಾ ಆಕ್ಕೈತಿ.’ ಯಾರ ಮೇಲೂ ಸಿಟ್ಟಿಲ್ಲದ ಅಜ್ಜಿಯನ್ನು ನಾನು ನೋಡಿ ಎಷ್ಟು ಕಾಲವಾಗಿತ್ತು. ಆದರೆ ಅಪ್ಪಾ, ನೀನಾಗಿದ್ದರೂ ಅದೇ ಕ್ಷಣ ವಿಹಾರದ ಕಡೆ ಓಡುತ್ತಿದ್ದೆ. ಹಿತ್ತಾಳೆ, ಒದ್ದೆ ನೆಲ, ಬರಿಗಾಲು, ಜುಮ್. ನಮ್ಮ ಕೆಲಸದಲ್ಲಿ ಇದಕ್ಕೆ ಒಂದೇ ಅರ್ಥ.

ನಾನು ಹಾಗೇ ವಿಹಾರಕ್ಕೆ ಹೋದೆ. ಅಲ್ಲಿ ಅಜ್ಜಿ ಒಬ್ಬಳೇ ಅಲ್ಲ, ಓಣಿಯ ಅರ್ಧ ಹೆಂಗಸರು ಕಾಲು ತೊಳೆದುಕೊಂಡು ಸಾಲು ನಿಂತಿದ್ದರು. ಪಕ್ಕದ ಮನೆ ದುರ್ಗಕ್ಕ ತನ್ನ ಮೊಣಕಾಲು ನೋವು ಅರ್ಧ ಇಳಿದಿದೆ ಅಂದಳು. ಹೊನ್ನೂರುಸ್ವಾಮಿ ಕಾಕಾ ನನ್ನನ್ನು ಬೇವಿನ ಮರದ ಕಡೆ ಕರೆದುಕೊಂಡು ಹೋಗಿ ಮೆಲ್ಲಗೆ, ‘ಇದು ಪವಾಡ ಅನ್ನಾಕ ಬಾಯಿ ಬರ್ತಿಲ್ಲ, ಅಲ್ಲ ಅಂತ ಈ ಮಂದೀನ ವಾಪಸ್ ಕಳಿಸಾಕ ಮನಸ್ಸು ಬರ್ತಿಲ್ಲ. ಬಾಬಾಸಾಹೇಬರು ಇದ್ದಿದ್ರ ನನ್ನ ಏನಂತಿದ್ರು? ನೀನ ನೋಡವ್ವ’ ಅಂದರು. ಪಾಪ, ಅವರು ನಿದ್ದೆ ಕೂಡ ಮಾಡಿರಲಿಲ್ಲ ಅನ್ನಿಸುತ್ತದೆ. ನಾನು ದೀಪ ಆರಿಸಿ, ಇವತ್ತು ಇಷ್ಟೇ ಅಂದೆ.

ಮಾರನೆಯ ಬೆಳಿಗ್ಗೆ ಹುಲುಗೇಶಣ್ಣನನ್ನೂ ಕರೆದೆ. ಇಬ್ಬರೂ ಸೇರಿ ಬೋರ್ಡಿನಿಂದ ಶುರು ಮಾಡಿದೆವು. ಟ್ರಾನ್ಸ್‌ಫಾರ್ಮರ್ ಇರುವ ದೀಪದ ಲೈನನ್ನು ಫೇಸಿಗೂ ನ್ಯೂಟ್ರಲಿಗೂ ನಡುವೆ ಮೆಗ್ಗರ್ ಹಚ್ಚಿ ನೋಡಿದರೆ ಅದರ ಸುರುಳಿಯೇ ಅಡ್ಡ ಬಂದು ಸೊನ್ನೆ ತೋರಿಸುತ್ತದೆ, ಅದು ಕೆಟ್ಟದ್ದು ಅಂತಲ್ಲ. ಅದಕ್ಕೇ ಎರಡೂ ತಂತಿ ಕೂಡಿಸಿ ಕಟ್ಟಿ, ಅವೆರಡರಿಂದ ಭೂಮಿಗೆ ಎಲ್ಲಾದರೂ ಸೋರುತ್ತಿದೆಯಾ ಅಂತ ನೋಡಿದೆ. ಟೈಮರನ್ನೂ ದಾಟಿಸಿ ನೋಡಿದೆ, ಯಾಕೆಂದರೆ ಅದು ಬಂದ್ ಇದ್ದರೆ ಪರೀಕ್ಷೆ ಅಲ್ಲಿಗೇ ನಿಂತುಬಿಡುತ್ತದೆ. ಮುಳ್ಳು ಕೊನೆಯ ಗೆರೆವರೆಗೆ ಹೋಗಿ ಅಲ್ಲೇ ಕೂತಿತು. ಒಂದು ಎಳೆಯಷ್ಟೂ ಸೋರಿಕೆ ಇಲ್ಲ. ದೀಪದ ಕಡೆ ಅಳೆದರೆ ಹನ್ನೆರಡು ವೋಲ್ಟ್, ಸರಿಯಾಗಿ. ಹುಲುಗೇಶಣ್ಣ ಬೆವರು ಒರೆಸಿಕೊಂಡು, ‘ಹನ್ನೆರಡು ವೋಲ್ಟು ಇರಿವೀನೂ ಸಾಯಿಸೋದಿಲ್ಲ ಪಂಪಾ. ಮುದುಕೀರಿಗೆ ಏನೋ ಅನಸ್ತೈತಿ ಬಿಡು’ ಅಂದ. ಒಂದೇ ಒಂದು ಕಡೆ ನನ್ನ ತಲೆಗೆ ಹುಳ ಹೊಕ್ಕಿತು. ದೀಪ ಹಚ್ಚಿ, ಕೈಗೆ ಗವಸು ಹಾಕಿ, ಹಿತ್ತಾಳೆ ಬಟ್ಟಲಿಂದ ಭೂಮಿಗೆ ಮೀಟರ್ ಹಿಡಿದರೆ ಅಂಕಿಗಳು ಒಂದು ಕಡೆ ನಿಲ್ಲದೆ ಮೇಲೆ ಕೆಳಗೆ ಕುಣಿದವು. ‘ಗಾಳಿ ವೋಲ್ಟೇಜು’ ಅಂದ ಹುಲುಗೇಶಣ್ಣ. ಹಾಗೂ ಇರಬಹುದು, ಸೂಕ್ಷ್ಮ ಮೀಟರು ಕರೆಂಟು ಇಲ್ಲದಲ್ಲೂ ಹೀಗೆ ಕುಣಿಯುವುದುಂಟು. ಆದರೂ ದೀಪ ಹಚ್ಚಬೇಡಿ ಅಂತ ಹೇಳಿ, ಸ್ವಿಚ್ಚಿಗೆ ಟೇಪು ಸುತ್ತಿ ಬಂದೆ.

ಅಜ್ಜಿ ಆ ಸಂಜೆ ಹೋಗಿ ಆರಿದ ಬಟ್ಟಲಿನ ಮೇಲೆ ಕೈ ಇಟ್ಟು ಕೂತಳು. ಏನೂ ಇಲ್ಲ. ಮನೆಗೆ ಬಂದವಳು ತಾಟಿನ ಮುಂದೆ ಕೂಡಲಿಲ್ಲ. ನಾನು ಅನ್ನ ಕಲಸಿ ಹತ್ತಿರ ಒಯ್ದರೆ ನನ್ನ ಕಡೆ ನೋಡದೆ, ‘ನಿಮ್ಮಪ್ಪ ನನ್ನ ಹುಲಿಗೆಮ್ಮನ್ನ ಇಳಿಸಿದ. ನೀ ಇದನ್ನ ಆರಿಸಿದಿ. ಈ ಮನ್ಯಾಗ ನನಗ ಏನೂ ಉಳೀಬಾರ್ದು ಅಲಾ?’ ಅಂದಳು. ಜೋರಾಗಿ ಹೇಳಿದ್ದರೆ ನಾನೂ ಜೋರಾಗಿ ಏನಾದರೂ ಅನ್ನಬಹುದಿತ್ತು. ಮೆಲ್ಲಗೆ ಹೇಳಿದಳು.

ಆ ವಾರವೆಲ್ಲ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಮೆಗ್ಗರ್ ಸುಳ್ಳು ಹೇಳುವುದಿಲ್ಲ. ಅಜ್ಜಿಯೂ ಹೇಳುವುದಿಲ್ಲ, ಸಿಟ್ಟು ಮಾಡುತ್ತಾಳೆ ಅಷ್ಟೆ. ಹಾಗಾದರೆ ಎರಡೂ ನಿಜವಾಗುವುದು ಹೇಗೆ? ಹಂಪಿ ಕಡೆಯ ಹೋಟೆಲಿನಲ್ಲಿ ಕೆಲಸ ಮಾಡುವಾಗಲೂ ಅದೇ, ಊಟಕ್ಕೆ ಕೂತಾಗಲೂ ಅದೇ. ಕಡೆಗೆ ಬಸ್ಸಿನಲ್ಲಿ, ತುಂಗಭದ್ರಾ ಕಾಲುವೆಯ ಸೇತುವೆ ದಾಟುವಾಗ ಹೊಳೆಯಿತು ನೋಡು. ಈ ದಂಡೆಯಲ್ಲಿ ನಿಂತು ಕೂಗಿದರೆ ಆ ದಂಡೆಯವರಿಗೆ ಕೇಳಿಸುತ್ತದೆ, ಆದರೆ ನಾನು ಹೋಗಿ ಮುಟ್ಟಲಾರೆ. ಟ್ರಾನ್ಸ್‌ಫಾರ್ಮರಿನೊಳಗೆ ಇರುವುದು ಎರಡು ಸುರುಳಿ, ಒಂದಕ್ಕೊಂದು ತಾಗುವುದೇ ಇಲ್ಲ. ನಡುವೆ ಕಾಗದ ಇಟ್ಟು ವಾರ್ನಿಷ್ ಕುಡಿಸುವುದನ್ನು ಚಿಕ್ಕಂದಿನಿಂದ ನಿನ್ನ ಅಂಗಡಿಯಲ್ಲಿ ನೋಡಿದವಳು ನಾನು. ನಾನು ಬೋರ್ಡಿನಿಂದ ಹಚ್ಚಿದ ಮೆಗ್ಗರ್ ಮಾತಾಡಿದ್ದು ಮೊದಲ ಸುರುಳಿಯ ಜೊತೆ ಮಾತ್ರ. ಎರಡನೆಯದು, ಅದರ ತಂತಿ, ಆ ಹಿತ್ತಾಳೆ ಬಟ್ಟಲು, ಎಲ್ಲ ಆಚೆ ದಂಡೆ. ನಡುವಿನ ಕಾಗದ ಹಸಿಯಾಗಿ ಕೆಟ್ಟಿದ್ದರೆ ಮನೆ ಕರೆಂಟು ಆಚೆ ದಂಡೆಗೆ ದಾಟಿರುತ್ತದೆ, ಆದರೆ ಆ ದಂಡೆ ಭೂಮಿಗೆ ಎಲ್ಲೂ ತಾಗಿಲ್ಲ, ಹಾಗಾಗಿ ಭೂಮಿಗೆ ಸೋರಿಕೆ ಎಷ್ಟು ಅಂತ ಕೇಳಿದರೆ ಮೆಗ್ಗರ್ ಇಲ್ಲ ಅನ್ನುತ್ತದೆ. ಅದು ಹೇಳಿದ್ದು ನಿಜ. ಒದ್ದೆ ಕಾಲಿನವರು ಯಾರಾದರೂ ಬಂದು ಬಟ್ಟಲು ಮುಟ್ಟಿದಾಗ ಮಾತ್ರ ಅದು ಭೂಮಿಗೆ ತಾಗುತ್ತದೆ. ಅಂದರೆ ಸೇತುವೆಯಾಗಿದ್ದವಳು ಅಜ್ಜಿ.

ಅದು ಶುಕ್ರವಾರ. ಮರುದಿನ ರಜೆ ಹಾಕಿ, ಕೈಯಿಂದ ತಿರುಗಿಸುವ ಹಳೆಯ ಮೆಗ್ಗರನ್ನು ಚೀಲದಲ್ಲಿ ಹಾಕಿಕೊಂಡು ಅದೇ ಸಂಜೆ ಊರಿಗೆ ಹೊರಟಿದ್ದೆ. ಎಮ್ಮಿಗನೂರಿನ ಸ್ಟಾಪಿನಲ್ಲಿ ಇಳಿದಾಗ ಮಳೆ ನಿಂತು ಇನ್ನೂ ಹನಿ ಬೀಳುತ್ತಿತ್ತು. ಗದ್ದೆಯ ಆಚೆ ವಿಹಾರದ ಕಡೆ ಹಳದಿ ಬೆಳಕು. ದೀಪ ಹತ್ತಿತ್ತು ಅಪ್ಪಾ. ನಾನು ಬದುವಿನ ಮೇಲೆ ಓಡಿದೆ, ಒಂದು ಚಪ್ಪಲಿ ಕೆಸರಲ್ಲೇ ಉಳಿಯಿತು. ಅಂಗಳಕ್ಕೆ ಬಂದಾಗ ಅಜ್ಜಿ ತೊಟ್ಟಿಯ ಅಂಚಿನ ಮೇಲೆ ಕೂತಿದ್ದಳು, ಎರಡೂ ಕಾಲು ನೀರಿನೊಳಗೆ. ನೀರು ಹೆಚ್ಚಿದ್ದರೆ ಜುಮ್ ಹೆಚ್ಚು ಅಂತ ಅವಳೇ ಲೆಕ್ಕ ಹಾಕಿದ್ದಳು. ಬಲಗೈಯಿಂದ ಎಡಗೈಯನ್ನು ಎತ್ತಿ ಬಟ್ಟಲಿನ ಕಡೆ ಒಯ್ಯುತ್ತಿದ್ದಳು. ಹಿಂದಿನಿಂದ ಹೋಗಿ ತಬ್ಬಿ ಎಳೆದುಬಿಡಬೇಕು ಅಂತ ನನ್ನ ಮೈ ಹೇಳಿತು. ನಾನು ಅವಳ ಕಡೆ ಹೋಗಲಿಲ್ಲ. ಬಾಗಿಲ ಪಕ್ಕದ ಬೋರ್ಡಿಗೆ ಓಡಿ ಮೇನ್ ಇಳಿಸಿದೆ. ಅವಳನ್ನು ದಾಟಿ ಓಡಿದ ಆ ನಾಲ್ಕು ಹೆಜ್ಜೆ ನನಗೆ ಇನ್ನೂ ಕನಸಿನಲ್ಲಿ ಬರುತ್ತವೆ. ಕತ್ತಲಲ್ಲಿ ಅಜ್ಜಿಯ ದನಿ ಬಂತು, ‘ಯಾರದು?’ ಕೈ ಇನ್ನೂ ತಾಗಿರಲಿಲ್ಲ.

ಟೇಪು ಬಿಚ್ಚಿದವನು ಹುಲುಗೇಶಣ್ಣ. ಅಜ್ಜಿ ಕೇಳಿದ್ದಳು, ಮುದುಕಿ ಕಣ್ಣೀರು ಹಾಕಿದ್ದಳು, ಹನ್ನೆರಡು ವೋಲ್ಟ್ ತಾನೇ ಅಂತ ಅವನು ಹಚ್ಚಿಕೊಟ್ಟಿದ್ದ. ಅವನನ್ನು ಬೈಯುವ ಪತ್ರ ಬರೆಯಬೇಡ ಅಪ್ಪಾ, ಅವನು ತನ್ನನ್ನೇ ತಾನು ಸಾಕಷ್ಟು ಬೈದುಕೊಂಡಿದ್ದಾನೆ. ಕರೆಂಟು ಸೋರಿದರೆ ತಾನಾಗಿ ಬೀಳುವ ಸ್ವಿಚ್ಚನ್ನು ಕೂಡ, ಮಳೆಗೆ ಮೇಲಿಂದ ಮೇಲೆ ಬೀಳುತ್ತದೆ ಅಂತ ಅವನು ತಪ್ಪಿಸಿ ಲೈನ್ ಕೊಟ್ಟಿದ್ದ. ಅದು ಯಾಕೆ ಬೀಳುತ್ತಿತ್ತು ಅಂತ ನಮಗೆ ಈಗ ಗೊತ್ತು.

ಶನಿವಾರ ಬೆಳಿಗ್ಗೆ ನಾನು ಅಜ್ಜಿಯನ್ನು ಕರೆದುಕೊಂಡೇ ಹೋದೆ. ಅವಳು ಬರುವುದಿಲ್ಲ ಅಂದಳು. ‘ನೀ ಸುಳ್ಳು ಹೇಳ್ತಿ ಅಂತ ನಾ ಅನ್ನಂಗಿಲ್ಲ ಅಜ್ಜಿ, ನೀ ಹೇಳಿದ್ದು ಖರೇ ಏನಂತ ನೋಡಾಕ ಹೊಂಟೀನಿ’ ಅಂದೆ. ಅದಕ್ಕೆ ಬಂದಳು. ಕಲ್ಲು ಸರಿಸಿದರೆ ಗೂಡಿನೊಳಗೆ ತೊಟ್ಟಿಯ ನೀರು ಜಿನುಗಿ ನಿಂತಿತ್ತು. ಎರಡೂ ಟ್ರಾನ್ಸ್‌ಫಾರ್ಮರ್ ಬಿಚ್ಚಿ, ಎಲ್ಲ ತಂತಿಯಿಂದ ಬೇರೆ ಮಾಡಿ, ಚೀಲದ ಮೇಲೆ ಇಟ್ಟೆ. ಹೊನ್ನೂರುಸ್ವಾಮಿ ಕಾಕಾ, ದುರ್ಗಕ್ಕ, ಇನ್ನೂ ಯಾರು ಯಾರೋ ಸುತ್ತ ನಿಂತರು. ನಾನು ಅಜ್ಜಿಗೆ ಹೇಳಿದೆ: ಇದರ ಹೊಟ್ಟೆಯಲ್ಲಿ ಎರಡು ಸುರುಳಿ ಇವೆ, ಒಂದು ಮನೆಯ ಕರೆಂಟಿನದು, ಒಂದು ದೀಪದ್ದು. ಒಂದಕ್ಕೊಂದು ಮುಟ್ಟಬಾರದು. ಮುಟ್ಟದಿದ್ದರೆ ಈ ಮುಳ್ಳು ಆ ಕಡೆ ಹೋಗುತ್ತದೆ, ಮುಟ್ಟಿದ್ದರೆ ಈ ಕಡೆ. ಒಂದು ಸುರುಳಿಗೆ ಒಂದು ತಂತಿ, ಇನ್ನೊಂದಕ್ಕೆ ಇನ್ನೊಂದು. ಇನ್ನು ಹಿಡಿಕೆ ತಿರುಗಿಸಬೇಕು. ‘ನಾ ತಿರುವ್ಲಿ?’ ಅಂದಳು ಅಜ್ಜಿ. ನಾನು ಯೋಚಿಸಿ, ತಂತಿಯ ತುದಿಗಳು ಅವಳಿಂದ ದೂರ ಇರುವಂತೆ ಇಟ್ಟು, ಮೆಗ್ಗರನ್ನು ಅವಳ ಮುಂದೆ ಇಟ್ಟೆ. ಬಲಗೈಯಿಂದ ತಿರುಗಿಸಿದಳು. ಬೀಸುವ ಕಲ್ಲು ತಿರುಗಿಸಿದ ಕೈ ಅದು, ಒಂದೇ ಸಮ ತಿರುಗಿಸಿದಳು, ನಮ್ಮ ಆಫೀಸಿನ ಹುಡುಗರಿಗಿಂತ ಚೆನ್ನಾಗಿ. ತೊಟ್ಟಿಯ ಟ್ರಾನ್ಸ್‌ಫಾರ್ಮರಿಗೆ ಮುಳ್ಳು ಆ ಕಡೆ ಹೋಯಿತು. ಪಾದದ ದೀಪದ್ದಕ್ಕೆ ಹಚ್ಚಿದಾಗ ಹಿಡಿಕೆ ತಿರುಗಿದ ತಕ್ಷಣ ಸೊನ್ನೆಗೆ ಬಿತ್ತು, ಎಷ್ಟು ತಿರುಗಿಸಿದರೂ ಮೇಲೆ ಏಳಲಿಲ್ಲ.

ನಾನು ಹೇಳಬೇಕಾಗಿದ್ದ ಮಾತುಗಳನ್ನು ವಾರದಿಂದ ಜೋಡಿಸಿಕೊಂಡಿದ್ದೆ, ಇದು ದೇವರಲ್ಲ, ಕರೆಂಟು, ನಿನ್ನೆ ನೀನು ಮುಟ್ಟಿದ್ದರೆ ಇವತ್ತು ನಾವು ನಿನ್ನನ್ನು ಹೊತ್ತು ನಡೆಯಬೇಕಿತ್ತು, ಅಂತೆಲ್ಲ. ಅಜ್ಜಿ ಹಿಡಿಕೆ ಬಿಟ್ಟು ಆ ಮುಳ್ಳನ್ನೇ ನೋಡುತ್ತಿದ್ದಳು. ಆಮೇಲೆ ಕೇಳಿದಳು: ‘ಹೋದ ವಾರ ನಿನ್ನ ಮಿಷನ್ನು ಏನೂ ಇಲ್ಲ ಅಂದಿತ್ತು.’ ಹೌದು ಅಂದೆ. ‘ಇವತ್ತು ಐತಿ ಅಂತು.’ ಹೌದು ಅಂದೆ. ‘ಹಂಗಾದ್ರ ನನ್ನ ಕೈ ಖರೇನ ಹೇಳಿತ್ತು.’

ಅಪ್ಪಾ, ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನಾನು ಕರೆಂಟು ಎಲ್ಲಿಂದ ಬಂತು ಅಂತ ಹುಡುಕುವುದರಲ್ಲೇ ಮುಳುಗಿದ್ದೆ. ಅದು ಯಾವ ಕೈಗೆ ತಿಳಿಯಿತು ಅಂತ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಕೊಳ್ಳಿ ತಾಗಿದರೂ ತಿಳಿಯದ ಅಂಗೈಗೆ ಜುಮ್ ಅನ್ನುವುದು ತಿಳಿದಿದ್ದರೆ, ಅಲ್ಲಿ ಇನ್ನೂ ಏನೋ ಒಂದು ಎಳೆ ಉಳಿದಿರಬೇಕಲ್ಲ? ದುರ್ಗಕ್ಕ ಮಾತ್ರ ‘ಹಂಗಾರ ನನ್ನ ಮೊಣಕಾಲು ಯಾಕ ಇಳೀತು?’ ಅಂತ ಕೇಳಿದಳು. ಅದಕ್ಕೆ ನನ್ನ ಹತ್ತಿರ ಮೀಟರ್ ಇಲ್ಲ ಅಂದೆ. ಎಲ್ಲರಿಗೂ ನಗು ಬಂತು, ಹೊನ್ನೂರುಸ್ವಾಮಿ ಕಾಕಾಗೆ ಎಲ್ಲರಿಗಿಂತ ಹೆಚ್ಚು. ‘ಬಂದು ನೋಡು ಅಂದಾರ ಭಗವಾನ್ ಬುದ್ಧರು. ನೋಡಿದ್ವಿ’ ಅಂತ ಹೇಳಿ, ಅವರು ಅಲ್ಲೇ ಕಲ್ಲಿನ ಮೇಲೆ ಕೂತು ಚಹಾ ತರಿಸಿದರು.

ಬುಧವಾರ ರಜೆ ಕೇಳಿಕೊಂಡು ಅಜ್ಜಿಯನ್ನು ಹೊಸಪೇಟೆಗೆ ಕರೆದುಕೊಂಡು ಹೋದೆ. ಲಕ್ವಾ ಆದವರಿಗೆ ವ್ಯಾಯಾಮ ಹೇಳಿಕೊಡುವ ಅನುಸೂಯಾ ಮೇಡಂ ಅಂತ ಇದ್ದಾರೆ, ಕೊಟ್ಟೂರಿನ ಕಡೆಯವರು. ನಾವು ಹೇಳಿದ ಕಥೆ ಕೇಳಿ ಮೊದಲು ನನಗೇ ಬೈದರು. ಮನೆ ಕರೆಂಟಿನ ಹತ್ತಿರ ಇನ್ನೊಮ್ಮೆ ಈ ಕೈ ಹೋಗಬಾರದು, ಅದು ಔಷಧ ಅಲ್ಲ, ಅದೃಷ್ಟಕ್ಕೆ ಬದುಕಿದ್ದೀರಿ ಅಂದರು. ಆಮೇಲೆ ಅಜ್ಜಿಯ ಕಣ್ಣಿಗೆ ಟವೆಲ್ ಕಟ್ಟಿ ಹತ್ತಿ, ಸೂಜಿಯ ಮೊಂಡು ತುದಿ, ತಣ್ಣನೆ ಚಮಚ, ಬಿಸಿ ನೀರಿನ ಬಾಟಲಿ, ಹೀಗೆ ಒಂದೊಂದಾಗಿ ಕೈಗೆ ತಾಗಿಸುತ್ತ ಹೋದರು. ನನ್ನ ಕೆಲಸವೇ ಅಲ್ಲವಾ ಅಪ್ಪಾ ಇದು? ಬೋರ್ಡಿನಿಂದ ಶುರು ಮಾಡಿ ಒಂದೊಂದೇ ಲೈನು ನೋಡುತ್ತ ಹೋಗುವುದು. ಹತ್ತಿಗೆ ಇಲ್ಲ. ಚಮಚಕ್ಕೆ ಇಲ್ಲ. ಹೆಬ್ಬೆರಳಿನ ಬುಡವನ್ನು ಗಟ್ಟಿಯಾಗಿ ಒತ್ತಿದಾಗ ಅಜ್ಜಿ ‘ಅಲ್ಲಿ ಯಾರೋ ಅದಾರ’ ಅಂದಳು. ಮೇಡಂ ನಕ್ಕರು. ದಾರಿ ಪೂರ್ತಿ ಮುಚ್ಚಿಲ್ಲ ಅನ್ನಿಸುತ್ತದೆ, ಆದರೆ ನಾನು ಏನೂ ಮಾತು ಕೊಡುವುದಿಲ್ಲ, ಲಕ್ವಾ ಆದ ಹೊಸತರಲ್ಲೇ ಬಂದಿದ್ದರೆ ಚೆನ್ನಾಗಿತ್ತು, ಈಗಲೂ ದಿನಾ ಎರಡು ಹೊತ್ತು ಯಾರಾದರೂ ಈ ಕೈ ಹಿಡಿದು ಒಂದೊಂದೇ ಬೆರಳು ಬಿಡಿಸಬೇಕು, ತಿಂಗಳುಗಟ್ಟಲೆ, ಬೇಸರಪಡದೆ, ಅಂದರು. ಬರುವಾಗ ಬಸ್ಸಿನಲ್ಲಿ ಅಜ್ಜಿ ಕಿಟಕಿ ಪಕ್ಕ ಕೂತು ತನ್ನ ಹೆಬ್ಬೆರಳಿನ ಬುಡವನ್ನು ತಾನೇ ಒತ್ತಿ ಒತ್ತಿ ನೋಡುತ್ತಿದ್ದಳು. ಕಂಪ್ಲಿ ಬರುವವರೆಗೂ ಬಿಡಲಿಲ್ಲ.

ವಿಹಾರದಲ್ಲಿ ಈಗ ಹೊಸ ಟ್ರಾನ್ಸ್‌ಫಾರ್ಮರ್ ಬಂದಿದೆ, ನೆಲದೊಳಗಲ್ಲ, ಗೋಡೆಯ ಮೇಲೆ ಗಾಳಿ ಆಡುವ ಪೆಟ್ಟಿಗೆಯಲ್ಲಿ. ತಾನಾಗಿ ಬೀಳುವ ಸ್ವಿಚ್ಚು ತನ್ನ ಜಾಗದಲ್ಲಿ ಕೂತಿದೆ. ಎರಡೂ ದಂಡೆಯನ್ನು ಬೇರೆ ಬೇರೆ ನೋಡಿ, ನಡುವಿನದನ್ನೂ ನೋಡಿ, ಹುಲುಗೇಶಣ್ಣನ ಕೈಯಿಂದಲೇ ತಿರುಗಿಸಿ ಸರಿ ಅಂದ ಮೇಲೆ ದೀಪ ಹಚ್ಚಿದೆವು. ಒದ್ದೆ ಕೈಯಲ್ಲಿ ಬಟ್ಟಲು ನಾನೇ ಮೊದಲು ಮುಟ್ಟಿದೆ. ಸುಮ್ಮನಿತ್ತು. ಪವಾಡ ಹುಡುಕಿಕೊಂಡು ಬರುತ್ತಿದ್ದವರು ಈಗ ಬರುವುದಿಲ್ಲ. ಬೇರೆ ನಾಲ್ಕು ಜನ ಬಂದು ತಂಪಿಗೆ ಕೂಡುತ್ತಾರೆ. ಅಜ್ಜಿಯೂ ಬರುತ್ತಾಳೆ ಅಪ್ಪಾ. ಏನೂ ಇಲ್ಲ ಅಂತ ಗೊತ್ತಿದ್ದೂ ಬರುತ್ತಾಳೆ. ಯಾಕೆ ಅಂತ ನಾನು ಕೇಳಿಲ್ಲ, ನೀನೂ ಬಂದಾಗ ಕೇಳಬೇಡ.

ಅವ್ವ ನಿನಗೆ ಹೇಳು ಅಂದದ್ದು: ಔಷಧ ಬಿಡಬೇಡ, ತಲೆಗೆ ಎಣ್ಣೆ ಹಚ್ಚಿಕೋ. ಭಂತೇಜಿಗೆ ನನ್ನ ವಂದನೆ ತಿಳಿಸು. ಅಲ್ಲಿ ಅಡುಗೆಮನೆಯ ಮಿಕ್ಸಿ, ಫ್ಯಾನು ಎಲ್ಲ ನೀನೇ ರಿಪೇರಿ ಮಾಡುತ್ತಿರುತ್ತೀ ಅಂತ ನನಗೆ ಗೊತ್ತು, ಒದ್ದೆ ಕೈಯಲ್ಲಿ ಯಾವುದನ್ನೂ ಮುಟ್ಟಬೇಡ. ನಿನ್ನ ಮನಸ್ಸು ಅಲ್ಲಿ ತಿಳಿಯಾಗಲಿ, ಎಲ್ಲರಿಗೂ ಒಳ್ಳೆಯದಾಗಲಿ.

ನಿನ್ನ ಮಗಳು,
ಪಂಪಾವತಿ

ಮರೆತಿದ್ದೆ: ಕವರಿಗೆ ಅಂಟು ಹಚ್ಚುತ್ತಿದ್ದೆ, ಅಜ್ಜಿ ಬಂದು ಯಾರಿಗೆ ಅಂತ ಕೇಳಿದಳು. ಅಪ್ಪಗೆ ಅಂದೆ. ಬಾಗಿಲವರೆಗೆ ಹೋಗಿ ಮತ್ತೆ ತಿರುಗಿ ಬಂದಳು. ‘ಅವನಿಗೆ ಬಾ ಅಂತ ಬರೀಬ್ಯಾಡ. ನನ್ನ ಬೆರಳು ಬಿಡಿಸಾಕ ಪಂಪಾಗ ಪುರಸತ್ತಿಲ್ಲ ಅಂತ ಬರಿ’ ಅಂದಳು. ನನಗೆ ಪುರಸತ್ತಿದೆ ಅಪ್ಪಾ, ಅವ್ವಗೂ ಇದೆ. ಆದರೂ ಅವಳು ಹೇಳಿದಂತೆಯೇ ಬರೆದಿದ್ದೇನೆ.